ಆರು ಗೂಡು, ಆರು ಮಿಷಿನ್ನು: ರಿವಾಲ್ವರ್ ತೋಟಾ ಕಲಿಸುವ ಲೆಕ್ಕದ ಪಾಠ

ಕೊಲ್ಹಾಪುರ ನಿಪ್ಪಾಣಿಯವರಿಗೆ ಪರಊರಲ್ಲ. ಸಂತೆ, ಆಸ್ಪತ್ರೆ, ಅಂಬಾಬಾಯಿ, ಕಾಗಲ್ ಎಂಐಡಿಸಿಯ ನೌಕರಿ, ಎಲ್ಲಕ್ಕೂ ಹೋಗಿಬರುವ ಊರು. ಅದೇ ಕೊಲ್ಹಾಪುರ ಶೂಟಿಂಗ್ ಕ್ರೀಡೆಯ ಊರೂ ಹೌದು. 2010ರಲ್ಲಿ ಮ್ಯೂನಿಕ್‌ನ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ರೈಫಲ್ ಪ್ರೋನ್ ಚಿನ್ನ ಗೆದ್ದ ತೇಜಸ್ವಿನಿ ಸಾವಂತ್, 2018ರ ಏಷ್ಯನ್ ಗೇಮ್ಸ್‌ನಲ್ಲಿ 25 ಮೀಟರ್ ಪಿಸ್ತೂಲಿನ ಚಿನ್ನ ತಂದ ರಾಹಿ ಸರ್ನೋಬತ್, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ, ಮೂವರೂ ಆ ಜಿಲ್ಲೆಯವರೇ. ಸ್ವಪ್ನಿಲ್ ಅವರ ಕಾಂಬಳವಾಡಿ ಇರುವುದು ರಾಧಾನಗರಿ ತಾಲೂಕಿನಲ್ಲಿ. ನಮ್ಮ ಸದಲಗಾ, ಯಕ್ಸಂಬಾ ಕಡೆ ಹರಿದು ಬರುವ ದೂಧಗಂಗೆಗೆ ಅಣೆಕಟ್ಟು ಕಟ್ಟಿರುವುದೂ ಅದೇ ತಾಲೂಕಿನಲ್ಲಿ.

ಈ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ, ಸ್ಟೇಟಸ್ ಹಾಕಿದ್ದೇವೆ. ಆದರೆ ಎಂಜಿನಿಯರಿಂಗ್ ಓದುವವರು ಕೇಳಬೇಕಾದ ಪ್ರಶ್ನೆ ಒಂದು ಉಳಿದಿದೆ. ಒಂದೇ ಕೈ, ಒಂದೇ ಕಣ್ಣು, ಒಂದೇ ಬಂದೂಕು ಇದ್ದರೂ ಎರಡು ಗುಂಡು ಒಂದೇ ತೂತಿನಲ್ಲಿ ಯಾಕ ಬೀಳೂದಿಲ್ಲ? ಈ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡವರು ಹೊರದೇಶಗಳಲ್ಲಿ ತಮ್ಮ ರಿವಾಲ್ವರಿನ ತೋಟಾಗಳನ್ನು ಒಂದೊಂದಾಗಿ ತಾವೇ ಕೈಯಿಂದ ತುಂಬುತ್ತಾರೆ. ಅವರ ಮೇಜಿನ ಮೇಲೆ ನಡೆಯುವ ಕೆಲಸದಲ್ಲಿ ನಮ್ಮ ಮೆಟ್ರಾಲಜಿ, ಕ್ವಾಲಿಟಿ ಕಂಟ್ರೋಲ್ ಪುಸ್ತಕಗಳ ಅರ್ಧ ಪಾಠ ಅಡಗಿದೆ. ಈ ಸಲ ಆ ಪಾಠ ಮಾಡೋಣ.

ಮೊದಲು ಕಾಯ್ದೆ

ಇದನ್ನು ಓದಿ ಯಾರೂ ಹಾಸ್ಟೆಲ್ ರೂಮಿನಲ್ಲಿ ಪ್ರಯೋಗಕ್ಕೆ ಇಳಿಯಬಾರದು. ಭಾರತದ ಆಯುಧ ಕಾಯ್ದೆ, 1959ರ 5ನೆಯ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆ ಕಾಯ್ದೆಯಲ್ಲಿ ‘ಮದ್ದುಗುಂಡು’ ಎಂಬ ಪದದ ಅರ್ಥ ಬಹಳ ಅಗಲ. ತೋಟಾದ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರ ಕೂಡ ಅದರೊಳಗೆ ಬರುತ್ತವೆ. ಹಾಗಾಗಿ ನಮ್ಮ ಶೂಟರ್‌ಗಳು ಬಹುಮಟ್ಟಿಗೆ ಕಾರ್ಖಾನೆಯ ತೋಟಾವನ್ನೇ ನೆಚ್ಚಿಕೊಂಡವರು. ಆಯುಧದ ಕಾಯ್ದೆ ನಮ್ಮ ಸೀಮೆಗೆ ಹೊಸ ಮಾತೂ ಅಲ್ಲ. 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣದ ವಿರುದ್ಧ ಎದ್ದು ಪ್ರಾಣ ಕೊಟ್ಟ ಹಲಗಲಿಯ ಬೇಡರು ಪಕ್ಕದ ಮುಧೋಳ ಸೀಮೆಯವರು. ಅತ್ತ ಕೊಡಗಿನಲ್ಲಿ ಕೊಡವರಿಗೆ ಲೈಸೆನ್ಸಿನಿಂದ ವಿನಾಯಿತಿ ಈಗಲೂ ಇದೆ.

ಆದ್ದರಿಂದ ಇಲ್ಲಿ ಮದ್ದಿನ ಅಳತೆ, ಜಾತಿ ಯಾವುದನ್ನೂ ಬರೆದಿಲ್ಲ. ನಮಗೆ ಬೇಕಾದದ್ದು ಲೆಕ್ಕ.

ತೋಟಾದೊಳಗೆ ಏನಿದೆ

ತೋಟಾಕ್ಕೆ ನಾಲ್ಕು ಭಾಗ: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಿಗೆ ಗುಂಡು. ಮಲೆನಾಡಿನವರು ‘ಕೇಪಿನ ಕೋವಿ’ ಅನ್ನುತ್ತಾರಲ್ಲ, ಆ ಕೇಪೇ ಇಲ್ಲಿ ಚಿಕ್ಕದಾಗಿ ತೋಟಾದ ಬುಡಕ್ಕೆ ಸೇರಿದೆ. ಸುತ್ತಿಗೆ ಕೇಪಿಗೆ ಬಡಿದರೆ ಕಿಡಿ, ಕಿಡಿಯಿಂದ ಮದ್ದಿಗೆ ಬೆಂಕಿ, ಬೆಂಕಿಯಿಂದ ಅನಿಲ. ಆ ಅನಿಲದ ಒತ್ತಡ ಗುಂಡನ್ನು ನಳಿಕೆಯಲ್ಲಿ ತಳ್ಳುತ್ತದೆ. ಹಿತ್ತಾಳೆ ಹಿಗ್ಗಿ ಗೂಡಿನ ಗೋಡೆಗೆ ಅಂಟಿ, ಅನಿಲ ಹಿಂದಕ್ಕೆ ನುಗ್ಗದಂತೆ ತಡೆದು, ಮತ್ತೆ ಸ್ವಲ್ಪ ಕುಗ್ಗುತ್ತದೆ. ಹಾಗೆ ಕುಗ್ಗುವ ಗುಣ ಇರುವುದರಿಂದಲೇ ಖಾಲಿ ಕೊಳವೆ ಸಲೀಸಾಗಿ ಹೊರಬರುತ್ತದೆ, ಮತ್ತೆ ಬಳಕೆಗೂ ಬರುತ್ತದೆ.

ಮರುತುಂಬುವವರ ಕೆಲಸದ ಕ್ರಮ ಹೀಗೆ: ಸುಟ್ಟ ಕೇಪನ್ನು ತೆಗೆಯುವುದು, ಹಿಗ್ಗಿದ ಕೊಳವೆಯನ್ನು ಡೈಗೆ ಒತ್ತಿ ಮೊದಲಿನ ಅಳತೆಗೆ ತರುವುದು, ಬಾಯಿ ತುಸು ಅಗಲಿಸುವುದು, ಹೊಸ ಕೇಪು ಕೂರಿಸುವುದು, ಮದ್ದು ಹಾಕುವುದು, ಗುಂಡು ಕೂರಿಸುವುದು, ಕೊನೆಗೆ ಬಾಯಿಯನ್ನು ಒಳಕ್ಕೆ ಮಡಚಿ ಗುಂಡನ್ನು ಬಿಗಿ ಹಿಡಿಸುವುದು. ಈ ಕೊನೆಯದಕ್ಕೆ ‘ಕ್ರಿಂಪ್’ ಎನ್ನುತ್ತಾರೆ. ರಿವಾಲ್ವರಿನಲ್ಲಿ ಇದಕ್ಕೆ ಮಹತ್ವ ಹೆಚ್ಚು. ಒಂದು ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಜಟಕಾ ಉಳಿದ ಐದು ತೋಟಾಗಳಿಗೂ ತಾಗುತ್ತದೆ. ಬಂದೂಕು ಹಿಂದಕ್ಕೆ ಚಿಮ್ಮಿದಾಗ ಗುಂಡು ಜಡತ್ವದಿಂದ ಇದ್ದಲ್ಲೇ ನಿಲ್ಲಲು ನೋಡುತ್ತದೆ. ಕ್ರಿಂಪ್ ಸಡಿಲಿದ್ದರೆ ಗುಂಡು ಕೊಳವೆಯಿಂದ ಮುಂದಕ್ಕೆ ಸರಿದು ಸಿಲಿಂಡರ್ ತಿರುಗದಂತೆ ಸಿಕ್ಕಿಹಾಕಿಕೊಳ್ಳಬಹುದು. ಕೊಳವೆಗಳ ಉದ್ದ ಒಂದೇ ಇಲ್ಲದಿದ್ದರೆ ಕ್ರಿಂಪೂ ಒಂದೇ ಆಗುವುದಿಲ್ಲ. ಹಾಗಾಗಿ ಅವರು ಉದ್ದವನ್ನೂ ಕತ್ತರಿಸಿ ಸರಿ ಮಾಡುತ್ತಾರೆ. ಒಂದು ಅಳತೆಯ ಟಾಲರೆನ್ಸ್ ಮುಂದಿನ ಕಾರ್ಯಕ್ಕೆ ಹೇಗೆ ದಾಟುತ್ತದೆ ಎಂಬುದಕ್ಕೆ ಇದು ನೇರ ಉದಾಹರಣೆ.

ಕಬ್ಬಿನ ಕಾಟಾ ಮತ್ತು ಗುರಿ

ನಮ್ಮ ಐದೂ ತಾಲೂಕುಗಳಲ್ಲಿ ಕಬ್ಬಿನ ತೂಕದ ಮಾತು ಬಾರದ ಮನೆ ಕಡಿಮೆ. ಎರಡು ಕಾಟಾ ಇವೆ ಅಂದುಕೊಳ್ಳಿ. ಒಂದು ಕಾಟಾ ಪ್ರತಿ ಸಲವೂ ಸರಿಯಾಗಿ ಎರಡು ಕ್ವಿಂಟಲ್ ಕಡಿಮೆ ತೋರಿಸುತ್ತದೆ. ಇನ್ನೊಂದು ಒಮ್ಮೆ ಎರಡು ಹೆಚ್ಚು, ಒಮ್ಮೆ ಎರಡು ಕಡಿಮೆ, ಮತ್ತೊಮ್ಮೆ ಸರಿ ತೋರಿಸುತ್ತದೆ. ಮೊದಲನೆಯದರ ದೋಷ ಗೊತ್ತಾದರೆ ಸಾಕು, ಎರಡು ಕೂಡಿಸಿದರೆ ಮುಗೀತು. ಎರಡನೆಯದನ್ನು ಏನು ಮಾಡ್ತೀರಿ? ಮೊದಲನೆಯದು ಓರೆ, ಎರಡನೆಯದು ಹರವು.

ಗುರಿಯಲ್ಲೂ ಹಾಗೇ. ಎಲ್ಲ ಗುಂಡುಗಳೂ ಎಡಕ್ಕೆ ಒಂದೇ ಕಡೆ ಬಿದ್ದರೆ ಸೈಟಿನ ಸ್ಕ್ರೂ ಎರಡು ಕ್ಲಿಕ್ ತಿರುಗಿಸಿದರೆ ಆಯಿತು. ಗುಂಡುಗಳು ಹರಡಿ ಬಿದ್ದರೆ ಯಾವ ಸ್ಕ್ರೂ ತಿರುಗಿಸಿದರೂ ಸರಿಹೋಗದು. ತೋಟಾ ತುಂಬುವವರು ವೇಗ ಹೆಚ್ಚಿಸಲು ಕೂತವರಲ್ಲ, ಹರವು ಕಡಿಮೆ ಮಾಡಲು ಕೂತವರು. ಸಿನೆಮಾ ನೋಡಿದ ನಮಗೆ ಈ ಮಾತು ಮೊದಲು ಬಗೆಹರಿಯುವುದಿಲ್ಲ. ಸ್ಪರ್ಧೆಯ ತೋಟಾ ಸಾಮಾನ್ಯವಾಗಿ ಮೆತ್ತಗಿನ ತೋಟಾ.

ವೇಗ ತಪ್ಪಿದರೆ ಎಷ್ಟು ಪೆಟ್ಟು?

ಅಂತರರಾಷ್ಟ್ರೀಯ ನಿಯಮದ 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ 7.62ರಿಂದ 9.65 ಮಿಲಿಮೀಟರ್ ಅಳತೆಯ ಪಿಸ್ತೂಲು ಅಥವಾ ರಿವಾಲ್ವರ್ ನಡೆಯುತ್ತದೆ. ಒಟ್ಟು 60 ಗುಂಡು: 30 ನಿಧಾನದ ನಿಖರತೆಗೆ, 30 ವೇಗಕ್ಕೆ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಜಸ್ಪಾಲ್ ರಾಣಾ 590 ಅಂಕದೊಂದಿಗೆ ವಿಶ್ವದಾಖಲೆಯನ್ನು ಸರಿಗಟ್ಟಿದ್ದು ಇದೇ ಸ್ಪರ್ಧೆಯಲ್ಲಿ. ನಿಖರತೆಯ ಗುರಿಹಲಗೆಯಲ್ಲಿ ಹತ್ತರ ವೃತ್ತದ ವ್ಯಾಸ 50 ಮಿಲಿಮೀಟರ್, ಅಂದರೆ ನಡುವಿನಿಂದ ಅಂಚಿಗೆ 25.

ಪಾಯಿಂಟ್ 32 ರಿವಾಲ್ವರಿನ ಚಪ್ಪಟೆ ಮೂತಿಯ ಗುಂಡು ಸೆಕೆಂಡಿಗೆ 220 ಮೀಟರ್ ಹೋಗುತ್ತದೆ ಎಂದು ಇಟ್ಟುಕೊಳ್ಳೋಣ. 25 ಮೀಟರ್ ದಾಟಲು 0.114 ಸೆಕೆಂಡು ಬೇಕು. ಅಷ್ಟರಲ್ಲಿ ಗುರುತ್ವದಿಂದ ಗುಂಡು ಕೆಳಗಿಳಿಯುವುದು ಅರ್ಧ ಗುಣಿಸು 9.81 ಗುಣಿಸು 0.114ರ ವರ್ಗ, ಅಂದರೆ ಸುಮಾರು 63 ಮಿಲಿಮೀಟರ್. ಅದನ್ನು ಸೈಟಿನಲ್ಲಿ ಮೊದಲೇ ಸರಿಹೊಂದಿಸಿರುತ್ತಾರೆ. ಈಗ ಒಂದು ತೋಟಾದ ವೇಗ 210 ಆಯಿತು ಅನ್ನಿ. ಇಳಿತ 69 ಮಿಲಿಮೀಟರ್ ಚಿಲ್ಲರೆ ಆಗುತ್ತದೆ. 230 ಆದರೆ 58. ಸೆಕೆಂಡಿಗೆ ಹತ್ತು ಮೀಟರ್ ತಪ್ಪಿದರೆ ಗುರಿಯಲ್ಲಿ ತಪ್ಪುವುದು ಬರೀ 6 ಮಿಲಿಮೀಟರ್.

ರಿವಾಲ್ವರಿನಲ್ಲಿ ಇನ್ನೊಂದು ತಮಾಷೆ ಇದೆ. ಗುಂಡು ನಳಿಕೆಯಲ್ಲಿ ಇರುವಾಗಲೇ ಮೂತಿ ಮೇಲಕ್ಕೆ ಏಳಲು ಶುರುವಾಗಿರುತ್ತದೆ. ನಿಧಾನದ ಗುಂಡು ನಳಿಕೆಯಲ್ಲಿ ತುಸು ಹೆಚ್ಚು ಹೊತ್ತು ಇರುತ್ತದೆ, ಹಾಗಾಗಿ ತುಸು ಮೇಲ್ಮುಖವಾಗಿ ಹೊರಬೀಳುತ್ತದೆ. ಗುರುತ್ವ ಕೆಳಗೆ ಎಳೆದರೆ ಇದು ಮೇಲೆ ಎತ್ತುತ್ತದೆ. ಹತ್ತಿರದ ಗುರಿಯಲ್ಲಿ ಮೇಲೆತ್ತುವುದೇ ಗೆದ್ದು, ನಿಧಾನದ ಗುಂಡು ಮೇಲೆ ಬೀಳುವುದೂ ಉಂಟು. ಒಂದೇ ಕಾರಣದಿಂದ ಎರಡು ಪರಿಣಾಮ, ಎರಡಕ್ಕೂ ದಿಕ್ಕು ವಿರುದ್ಧ.

ಈಗ ಕೈ ನಡುಗುವುದರ ಲೆಕ್ಕ ನೋಡ್ರಿ. ನಿಯಮದಂತೆ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಹೆಚ್ಚೆಂದರೆ 220 ಮಿಲಿಮೀಟರ್ ಅಂತರ. ಮುಂದಿನ ಸೈಟು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಪಕ್ಕಕ್ಕೆ ಸರಿದರೆ, ಅಂದರೆ ಒಂದು ಕೂದಲೆಳೆಯಷ್ಟು, ಗುರಿಯಲ್ಲಿ ತಪ್ಪು 11 ಮಿಲಿಮೀಟರ್. ಇದು ಸರಳ ಸಮರೂಪ ತ್ರಿಭುಜ, ಹತ್ತನೆಯ ತರಗತಿಯ ಲೆಕ್ಕ. ಒಂದು ಕೂದಲೆಳೆಯ ತಪ್ಪು, ಮದ್ದಿನಿಂದಾದ ಹತ್ತು ಮೀಟರ್ ವೇಗದ ತಪ್ಪಿಗಿಂತ ದೊಡ್ಡದು.

ದೊಡ್ಡ ತೂತು ಮೊದಲು ಮುಚ್ಚಬೇಕು

ಹಂಗಾದ್ರ ಕೈಯಿಂದ ತೋಟಾ ತುಂಬೂದು ವ್ಯರ್ಥ ಏನು? ಇಲ್ಲಿ ಲೆಕ್ಕ ಉತ್ತರ ಕೊಡುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳು ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳು ಕೂಡುತ್ತವೆ. ಮೊತ್ತದ ವರ್ಗಮೂಲವೇ ಒಟ್ಟು ಹರವು.

ಒಬ್ಬ ಹೊಸ ಶೂಟರ್. ಅವನ ಕೈಯ ಮಾನಕ ವಿಚಲನೆ 20 ಮಿಲಿಮೀಟರ್, ತೋಟಾದ್ದು 10. ಒಟ್ಟು: 400 ಕೂಡಿಸು 100, ಅಂದರೆ 500ರ ವರ್ಗಮೂಲ, 22.4. ಅವನಿಗೆ ಎರಡು ಪಟ್ಟು ಒಳ್ಳೆಯ ತೋಟಾ ಕೊಟ್ಟು ತೋಟಾದ ಹರವನ್ನು 5ಕ್ಕೆ ಇಳಿಸಿ. ಒಟ್ಟು: 400 ಕೂಡಿಸು 25, ವರ್ಗಮೂಲ 20.6. ತೋಟಾ ಅರ್ಧಕ್ಕೆ ಸುಧಾರಿಸಿದರೂ ಫಲಿತಾಂಶದಲ್ಲಿ ಕಂಡದ್ದು ನೂರಕ್ಕೆ ಎಂಟು.

ಈಗ ಪಳಗಿದ ಶೂಟರ್. ಕೈಯ ಹರವು 10, ತೋಟಾದ್ದು 10. ಒಟ್ಟು 14.1. ಅದೇ ಒಳ್ಳೆಯ ತೋಟಾ ಕೊಟ್ಟರೆ 11.2. ನೂರಕ್ಕೆ ಇಪ್ಪತ್ತೊಂದು ಸುಧಾರಣೆ.

ಅಂಕಕ್ಕೆ ತಿರುಗಿಸಿದರೆ ಇನ್ನೂ ಸ್ಪಷ್ಟ. ಮೇಲೆ-ಕೆಳಗೆ, ಎಡ-ಬಲ ಎರಡೂ ದಿಕ್ಕಿಗೆ ಇಷ್ಟೇ ಹರವು, ಎರಡೂ ನಾರ್ಮಲ್ ಹಂಚಿಕೆ ಎಂದಾದರೆ, ಗುಂಡಿನ ನಡುವು ವೃತ್ತದೊಳಗೆ ಬೀಳುವ ಸಂಭವನೀಯತೆಗೆ ರೇಲಿ ಹಂಚಿಕೆಯ ಸೂತ್ರ ಇದೆ. 25 ಮಿಲಿಮೀಟರ್ ತ್ರಿಜ್ಯ ಹಾಕಿ ನಾವು ಲೆಕ್ಕ ಹಾಕಿದೆವು. ಹೊಸಬ 30 ಗುಂಡಿಗೆ ಸರಾಸರಿ 14 ಹತ್ತುಗಳ ಬದಲು ಸುಮಾರು 16 ಹೊಡೆಯುತ್ತಾನೆ. ಪಳಗಿದವ 24ರ ಬದಲು 27ರಿಂದ 28 ಹೊಡೆಯುತ್ತಾನೆ. ತೋಟಾ ಒಂದೇ, ಲಾಭ ಪಳಗಿದವನಿಗೆ ಎರಡು ಪಟ್ಟು. ಹೊಸಬ ತೋಟಾದ ಚಿಂತೆ ಬಿಟ್ಟು ಟ್ರಿಗರ್ ಎಳೆಯುವುದನ್ನು ಅಭ್ಯಾಸ ಮಾಡಿದರೆ, ಕೈಯ ಹರವು 20ರಿಂದ 15ಕ್ಕೆ ಬಂದರೆ ಸಾಕು, ಹಳೆಯ ತೋಟಾದಲ್ಲೇ ಒಟ್ಟು ಹರವು 18ಕ್ಕೆ ಇಳಿಯುತ್ತದೆ.

ಇದು ಬರೀ ಬಂದೂಕಿನ ಮಾತಲ್ಲ. ಪ್ರಾಜೆಕ್ಟಿನಲ್ಲಿ ದುಬಾರಿ ಸೆನ್ಸರ್ ಕೊಳ್ಳುವ ಮೊದಲು ಅದನ್ನು ಕೂರಿಸಿದ ಬ್ರಾಕೆಟ್ ಅಲುಗಾಡುತ್ತಿದೆಯೇ ನೋಡಿ. ಚೀಲದ ದೊಡ್ಡ ತೂತು ಬಿಟ್ಟು ಚಿಕ್ಕ ತೂತಿಗೆ ಬಂಗಾರದ ದಾರದ ಹೊಲಿಗೆ ಹಾಕಿ ಏನು ಬಂತು?

ಆರು ಗೂಡಿನ ಗುಟ್ಟು

ಪಿಸ್ತೂಲಿಗೂ ರಿವಾಲ್ವರಿಗೂ ಒಂದು ಮುಖ್ಯ ವ್ಯತ್ಯಾಸ. ಪಿಸ್ತೂಲಿನಲ್ಲಿ ಎಲ್ಲ ತೋಟಾಗಳೂ ಒಂದೇ ಗೂಡಿನಿಂದ ಹಾರುತ್ತವೆ. ರಿವಾಲ್ವರಿನಲ್ಲಿ ಸಾಮಾನ್ಯವಾಗಿ ಆರು ಗೂಡು. ಪ್ರತಿ ಗೂಡಿನ ಬಾಯಿಯ ವ್ಯಾಸ ಬೇರೆ, ನಳಿಕೆಯ ಜೊತೆ ಸಾಲಾಗಿ ನಿಲ್ಲುವ ನಿಖರತೆ ಬೇರೆ. ಗೂಡಿಗೂ ನಳಿಕೆಗೂ ನಡುವೆ ಕಾಗದದಷ್ಟು ಸಂದು. ಗುಂಡು ಆ ಸಂದು ಹಾರಿ ನಳಿಕೆಗೆ ಸೇರಬೇಕು. ಕೆಲವು ಮೈಕ್ರಾನುಗಳ ಲೆಕ್ಕದಲ್ಲಿ ಅದು ಒಂದು ಯಂತ್ರವಲ್ಲ, ಆರು ಯಂತ್ರ.

ಇದನ್ನು ಮರೆತು ಮೂವತ್ತು ಗುಂಡು ಹೊಡೆದು ಒಟ್ಟು ಹರವು ನೋಡಿ ‘ಮದ್ದು ಸರಿಯಿಲ್ಲ’ ಅಂದರೆ ತೀರ್ಪು ತಪ್ಪಿತು. ಸರಿಯಾದ ದಾರಿ ಬೇರೆ. ಗೂಡುಗಳಿಗೆ ಒಂದರಿಂದ ಆರು ಗುರುತು ಹಾಕಿ, ಒಂದೊಂದರಿಂದ ಐದೈದು ಗುಂಡು ಹೊಡೆದು, ಪ್ರತಿ ಗೂಡಿನ ನಡುಬಿಂದು ಬೇರೆ ಬೇರೆ ಬರೆಯಬೇಕು. ಗೂಡಿನೊಳಗಿನ ಹರವು 10, ಗೂಡುಗಳ ನಡುವಿನ ಹರವು 8 ಎಂದಾದರೆ ಒಟ್ಟು 12.8. ಮದ್ದು ಬದಲಿಸಿ ಆ 8ನ್ನು ಎಂದೂ ಕಡಿಮೆ ಮಾಡಲಾಗದು. ಅದು ಲೋಹದಲ್ಲಿ ಕೂತ ತಪ್ಪು. ಸ್ಪರ್ಧೆಯಲ್ಲಿ ಒಂದು ಸರಣಿಗೆ ಐದೇ ಗುಂಡು. ಅಂದ್ರ ಆರರಲ್ಲಿ ಕೆಟ್ಟ ಗೂಡು ಯಾವುದೆಂದು ಗೊತ್ತಿದ್ದವರು ಅದನ್ನು ಖಾಲಿ ಬಿಡಬಹುದು. ಒಂದು ಪೈಸೆ ಖರ್ಚಿಲ್ಲದ ಸುಧಾರಣೆ! ನಾಲ್ಕು ಕುಳಿಯ ಮೋಲ್ಡಿನಲ್ಲಿ ಪಾರ್ಟ್ ಕೆಟ್ಟು ಬಂದಾಗ ಬೆಳಗಾವಿ ಉದ್ಯಮಬಾಗದ ಯಾವ ಒಳ್ಳೆ ಸೂಪರ್‌ವೈಸರ್ ಆದರೂ ಮೊದಲು ಕೇಳುವುದು ಇದನ್ನೇ: ಯಾವ ಕುಳಿಯದು?

ಐದು ಗುಂಡು ನೋಡಿ ಮೋಸ ಹೋಗಬೇಡಿ

ಎರಡು ಬಗೆಯ ತೋಟಾ ಹೋಲಿಸಲು ಐದೈದು ಗುಂಡು ಹೊಡೆದು, ಅತಿ ಹೆಚ್ಚು ವೇಗದಿಂದ ಅತಿ ಕಡಿಮೆ ವೇಗ ಕಳೆದು, ಯಾವುದರಲ್ಲಿ ವ್ಯತ್ಯಾಸ ಕಡಿಮೆಯೋ ಅದೇ ಒಳ್ಳೆಯದು ಎನ್ನುವವರು ಬಹಳ. ಕ್ವಾಲಿಟಿ ಕಂಟ್ರೋಲಿನ ಚಾರ್ಟ್ ನೆನಪಿಸಿಕೊಳ್ಳಿ. ಐದರ ಗುಂಪಿನಲ್ಲಿ ವ್ಯಾಪ್ತಿಯ ಸರಾಸರಿ ಮಾನಕ ವಿಚಲನೆಯ 2.33 ಪಟ್ಟು, ಹತ್ತರಲ್ಲಿ 3.08 ಪಟ್ಟು, ಮೂವತ್ತರಲ್ಲಿ 4.09 ಪಟ್ಟು. ತೋಟಾ ಅದೇ ಇದ್ದರೂ ಹೆಚ್ಚು ಹೊಡೆದಷ್ಟೂ ವ್ಯಾಪ್ತಿ ಬೆಳೆಯುತ್ತದೆ. ಐದು ಹೊಡೆದವ ‘ನನ್ನದು ಚೊಲೋ’ ಅಂತ ಮೂವತ್ತು ಹೊಡೆದವನ ಮುಂದೆ ಮೀಸೆ ತಿರುವಿದರೆ ಅರ್ಥವಿಲ್ಲ.

ಮಾನಕ ವಿಚಲನೆ ಹಾಕಿದರೂ ಐದೇ ಅಳತೆಯಿಂದ ಬಂದ ಅಂಕಿಯಲ್ಲಿ ಸುಮಾರು ನೂರಕ್ಕೆ 35ರಷ್ಟು ಅನಿಶ್ಚಿತತೆ ಇರುತ್ತದೆ. ಹತ್ತಾದರೆ 24, ಮೂವತ್ತಾದರೆ 13. ಐದು ಗುಂಡಿನ ಪರೀಕ್ಷೆಯಲ್ಲಿ 4 ಮತ್ತು 6 ಬಂದರೆ ಎರಡೂ ಒಂದೇ ತೋಟಾ ಇದ್ದರೂ ಇರಬಹುದು.

ಕೊಲ್ಹಾಪುರದ ಮೂವರ ಸ್ಪರ್ಧೆಗಳಿಗೂ ಈ ಲೆಕ್ಕವೇ ಬೇಕು. ಅವರದು ಪಾಯಿಂಟ್ 22 ತೋಟಾ. ಅದರಲ್ಲಿ ಕೇಪು ಬೇರೆ ಇಲ್ಲ, ಸ್ಫೋಟಕ ಕೊಳವೆಯ ಅಂಚಿನ ಮಡಿಕೆಯೊಳಗೇ ಇರುತ್ತದೆ. ಸುತ್ತಿಗೆ ಬಡಿದು ಅಂಚು ಜಜ್ಜಿದ ಮೇಲೆ ಅದನ್ನು ಮತ್ತೆ ತುಂಬುವ ಮಾತಿಲ್ಲ. ಹಾಗಾಗಿ ಆ ಮಟ್ಟದ ಶೂಟರ್‌ಗಳು ಕಾರ್ಖಾನೆಯ ಬೇರೆ ಬೇರೆ ಲಾಟ್‌ಗಳನ್ನು ತಮ್ಮದೇ ನಳಿಕೆಯಲ್ಲಿ ಪರೀಕ್ಷಿಸಿ, ಹೊಂದುವ ಲಾಟನ್ನು ಕೊಳ್ಳುತ್ತಾರೆ. 50 ಮೀಟರ್ ರೈಫಲ್ಲಿನ ಹತ್ತರ ವೃತ್ತ 10.4 ಮಿಲಿಮೀಟರ್ ಅಷ್ಟೇ. ಪ್ಯಾರಿಸ್ಸಿನ ಫೈನಲ್ಲಿನಲ್ಲಿ ಸ್ವಪ್ನಿಲ್ ಅವರ ಮೊತ್ತ 451.4, ಅಂದರೆ ದಶಾಂಶದಲ್ಲಿ ಎಣಿಸುವ ಆಟ. ಅಲ್ಲಿ ಲಾಟ್ ಆರಿಸುವಾಗ ಐದು ಗುಂಡಿನ ಅದೃಷ್ಟ ನಂಬಿದರೆ ನಡೆಯದು.

ಜೀವದ ಪ್ರಶ್ನೆ

ಇಲ್ಲಿಯವರೆಗೆ ಅಂಕದ ಮಾತಾಯಿತು. ಈಗ ಕೈಬೆರಳಿನ, ಕಣ್ಣಿನ ಮಾತು.

ಪಾಯಿಂಟ್ 32 ಲಾಂಗ್ ತೋಟಾ ಹುಟ್ಟಿದ್ದು 1896ರಲ್ಲಿ, ಪಾಯಿಂಟ್ 38 ಸ್ಪೆಷಲ್ 1898ರಲ್ಲಿ. ಎರಡೂ ಕರಿಮದ್ದಿನ ಕಾಲದ ಅಳತೆಗಳು. ಕರಿಮದ್ದು ಜಾಗ ಹೆಚ್ಚು ತಿನ್ನುತ್ತದೆ, ಕೊಳವೆ ತುಂಬ ತುಂಬುತ್ತಿದ್ದರು. ಆಮೇಲೆ ಬಂದ ಹೊಗೆಯಿಲ್ಲದ ಮದ್ದಿಗೆ ಶಕ್ತಿ ಹೆಚ್ಚು, ಬೇಕಾದ ಜಾಗ ಕಡಿಮೆ. ಕೊಳವೆ ಮಾತ್ರ ಹಳೆಯದೇ ಉಳಿಯಿತು. ಹೀಗಾಗಿ ಮದ್ದು ಹಾಕಿದ ಮೇಲೂ ಒಳಗೆ ಬಹಳಷ್ಟು ಖಾಲಿ. ಇದರಿಂದ ಎರಡು ತೊಂದರೆ. ಮದ್ದು ಮುಂದೆ ಸರಿದಿದೆಯೋ ಹಿಂದೆ ಇದೆಯೋ ಎಂಬುದರ ಮೇಲೆ ಹೊತ್ತಿಕೊಳ್ಳುವ ಬಗೆ ಬದಲಾಗಿ ವೇಗ ಏರುಪೇರಾಗುತ್ತದೆ. ಎರಡನೆಯದು ಭಯಂಕರ: ಮರೆತು ಎರಡು ಸಲ ಮದ್ದು ಹಾಕಿದರೂ ಕೊಳವೆ ಉಕ್ಕುವುದಿಲ್ಲ, ಗುಂಡು ಸಲೀಸಾಗಿ ಕೂರುತ್ತದೆ, ಹೊರಗಿನಿಂದ ತೋಟಾ ಎಲ್ಲದರಂತೆಯೇ ಕಾಣುತ್ತದೆ.

ಎರಡು ಪಟ್ಟು ಮದ್ದಿಗೆ ಒತ್ತಡ ಎರಡು ಪಟ್ಟಿಗೆ ನಿಲ್ಲುವುದಿಲ್ಲ. ಮದ್ದು ಉರಿಯುವ ವೇಗವೇ ಒತ್ತಡದ ಜೊತೆ ಏರುತ್ತದೆ. ಒತ್ತಡ ಹೆಚ್ಚಿದರೆ ಉರಿ ಹೆಚ್ಚು, ಉರಿ ಹೆಚ್ಚಿದರೆ ಮತ್ತೆ ಒತ್ತಡ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಈ ಧನ ಮರುಪೂರಣ ಗೊತ್ತು. ಸಿಲಿಂಡರೇ ಸಿಡಿಯಬಹುದು. ಮದ್ದು ಹಾಕುವುದನ್ನೇ ಮರೆತರೆ ಇನ್ನೊಂದು ಅಪಾಯ: ಕೇಪಿನ ಬಲಕ್ಕೆ ಗುಂಡು ನಳಿಕೆಯ ಅರ್ಧಕ್ಕೆ ಹೋಗಿ ಸಿಕ್ಕಿಬೀಳುತ್ತದೆ. ಟಸ್ ಅಂತ ಸಪ್ಪಳ ಬಂತೆಂದು ಮತ್ತೊಮ್ಮೆ ಟ್ರಿಗರ್ ಎಳೆದರೆ ಹಿಂದಿನಿಂದ ಬಂದ ಗುಂಡಿಗೆ ದಾರಿ ಇರುವುದಿಲ್ಲ.

ಅನುಭವಿಗಳು ಇದಕ್ಕೆ ‘ಹುಷಾರಾಗಿರಿ’ ಎಂದಷ್ಟೇ ಹೇಳಿ ಬಿಡುವುದಿಲ್ಲ. ಕೆಲಸದ ಕ್ರಮವನ್ನೇ ತಪ್ಪಾಗದಂತೆ ಕಟ್ಟುತ್ತಾರೆ. ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು. ಗುಂಡು ಕೂರಿಸುವ ಮೊದಲು ಸಾಲಾಗಿ ನಿಲ್ಲಿಸಿದ ಪ್ರತಿ ಕೊಳವೆಯೊಳಗೂ ಬೆಳಕು ಬಿಟ್ಟು ನೋಡುವುದು. ಸಾಧ್ಯವಿದ್ದರೆ ಎರಡು ಸಲ ಹಾಕಿದಾಗ ಕೊಳವೆ ಉಕ್ಕಿ ಚೆಲ್ಲುವಂಥ ದಪ್ಪ ಮದ್ದನ್ನೇ ಆರಿಸುವುದು, ತಪ್ಪು ತಾನೇ ಕೂಗಿ ಹೇಳಲಿ ಎಂದು. ನಡುವೆ ಯಾರಾದರೂ ಮಾತಾಡಿಸಿದರೆ ಆ ಸಾಲನ್ನು ಮೊದಲಿನಿಂದ ನೋಡುವುದು. ಜಪಾನಿನವರು ಇದಕ್ಕೆ ‘ಪೋಕಾ ಯೋಕೆ’ ಎಂದು ಹೆಸರಿಟ್ಟಿದ್ದಾರೆ. ಇಲ್ಲಿ ಸರಾಸರಿ, ಹರವು ಎರಡೂ ಕೆಲಸಕ್ಕೆ ಬಾರವು. ಸಾವಿರದಲ್ಲಿ 999 ತೋಟಾ ಅದ್ಭುತವಾಗಿದ್ದು ಒಂದು ಕೆಟ್ಟರೂ ಲೆಕ್ಕಕ್ಕೆ ಬರುವುದು ಆ ಒಂದೇ. ಯಾವ ತಪ್ಪನ್ನು ಸರಾಸರಿಯಲ್ಲಿ ಅಳೆಯಬೇಕು, ಯಾವುದನ್ನು ಒಮ್ಮೆಯೂ ಬಿಡಬಾರದು ಎಂದು ಬೇರೆ ಮಾಡುವುದೇ ಎಂಜಿನಿಯರನ ಮೊದಲ ಕೆಲಸ.

ನೀವೇ ಮಾಡಿ ನೋಡಿ

ಮದ್ದು, ಗುಂಡು ಯಾವುದೂ ಬೇಡ. ವರ್ಕ್‌ಶಾಪಿನಿಂದ ಒಂದೇ ಅಳತೆಯ ಮೂವತ್ತು ನಟ್ ತನ್ನಿ, ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿ ಬರೆಯಿರಿ. ಮೊದಲ ಐದರ ವ್ಯಾಪ್ತಿ, ಮೊದಲ ಹತ್ತರ ವ್ಯಾಪ್ತಿ, ಮೂವತ್ತರ ವ್ಯಾಪ್ತಿ ತೆಗೆಯಿರಿ. ಮಾನಕ ವಿಚಲನೆಯಿಂದ ಭಾಗಿಸಿ 2.33, 3.08, 4.09ರ ಹತ್ತಿರ ಬರುತ್ತದೆಯೇ ನೋಡಿ. ಆಮೇಲೆ ಒಂದೇ ನಟ್ಟನ್ನು ಮೂವತ್ತು ಸಲ ತೂಗಿ. ಈಗ ಬಂದ ಹರವು ತಕ್ಕಡಿಯದು. ಮೊದಲಿನ ಹರವಿನ ವರ್ಗದಿಂದ ಇದರ ವರ್ಗ ಕಳೆದರೆ ಉಳಿಯುವುದು ನಟ್ಟುಗಳ ನಿಜವಾದ ಹರವಿನ ವರ್ಗ. ಒಂದು ತಾಸಿನ ಕೆಲಸ. ಲೆಕ್ಕ ತಪ್ಪಿದರೆ ಕನ್ನಡ ಬಳಗದ ಯಾರನ್ನಾದರೂ ಹಿಡಿದು ಕೇಳ್ರಿ, ಚಹಾ ಕುಡಿಸಿದರೆ ಎರಡು ಸಲ ಬಿಡಿಸಿ ತೋರಿಸ್ತೀವಿ.